ಲ್ಯಾಪ್‌ಟಾಪಿನ ಸ್ಥಾನದಲ್ಲಿ ಟ್ಯಾಬ್ಲೆಟ್: ಗೃಹಸ್ಥರು ಯೋಚಿಸಬೇಕಾದುದು

ಜೂನ್ ತಿಂಗಳು ಬಂತೆಂದರೆ ಕುಣಿಗಲ್ ಸೀಮೆಯ ಮನೆಗಳಲ್ಲಿ ಒಂದು ಲೆಕ್ಕಾಚಾರ ಆರಂಭವಾಗುತ್ತದೆ. ಮಕ್ಕಳ ಕಾಲೇಜು ಶುಲ್ಕವೆಷ್ಟು, ವಸತಿ ನಿಲಯಕ್ಕೆ ಕಟ್ಟಬೇಕಾದುದೆಷ್ಟು, ಪುಸ್ತಕಗಳಿಗೆಷ್ಟು ಎಂಬ ಹಳೆಯ ಬಾಬುಗಳ ಜೊತೆಗೆ ಈಗ ಇನ್ನೊಂದು ಬಾಬು ಸೇರಿಕೊಂಡಿದೆ. ಅದು ಗಣಕಯಂತ್ರದ್ದು. ರಾಗಿ, ತೆಂಗುಗಳ ಆದಾಯವನ್ನೇ ನೆಚ್ಚಿಕೊಂಡ ಕುಟುಂಬಕ್ಕೆ ಒಂದೇ ಸಲ ಮೂವತ್ತು ನಲವತ್ತು ಸಾವಿರ ರೂಪಾಯಿಗಳನ್ನು ತೆಗೆದು ಲ್ಯಾಪ್‌ಟಾಪ್ ಕೊಳ್ಳುವುದು ಹಗುರವಾದ ಮಾತಲ್ಲ. ಆಗ ಯಾರೋ ಬಂಧುಗಳು ಹೇಳುತ್ತಾರೆ: "ಅದೆಲ್ಲ ಏಕೆ? ಒಂದು ಟ್ಯಾಬ್ ತೆಗೆದುಕೊಡಿ, ಅರ್ಧ ದುಡ್ಡಿಗೆ ಬರುತ್ತದೆ. ಇದರಲ್ಲಿ ಆಗುವ ಕೆಲಸವೆಲ್ಲ ಅದರಲ್ಲೂ ಆಗುತ್ತದೆ."

ಈ ಮಾತು ನಿಜವೇ? ಯಾರಿಗೆ ನಿಜ, ಯಾರಿಗೆ ನಿಜವಲ್ಲ? ಅಂಗಡಿಯ ಹಲಗೆಯ ಮೇಲೆ ಬರೆದ ಬೆಲೆಯನ್ನು ನೋಡಿ ತೀರ್ಮಾನಿಸುವ ಪ್ರಶ್ನೆ ಇದಲ್ಲ. ಮನೆಯ ವ್ಯವಹಾರ, ಮಕ್ಕಳ ವಿದ್ಯೆ, ಹಿರಿಯರ ಓದು, ಅವರು ಮುಂದೆ ಹಿಡಿಯಲಿರುವ ಉದ್ಯೋಗ, ಇವೆಲ್ಲವೂ ಇದರೊಡನೆ ಹೆಣೆದುಕೊಂಡಿವೆ. ಆದ್ದರಿಂದ ಸಾವಧಾನವಾಗಿ ವಿಚಾರ ಮಾಡುವುದು ಉಚಿತ.

ಓಲೆಯೂ ಕಡತವೂ

ಅಂಗೈಯಲ್ಲಿ ಹಿಡಿದು ಬರೆಯುವ ಹಲಗೆ ನಮಗೆ ಹೊಸದೇನೂ ಅಲ್ಲ. ಕುಣಿಗಲ್, ಗುಬ್ಬಿ, ತುಮಕೂರಿನ ಈ ಪ್ರದೇಶ ಒಂದು ಕಾಲಕ್ಕೆ ಬರವಣಿಗೆಯ ದೊಡ್ಡ ಕ್ಷೇತ್ರವಾಗಿತ್ತು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳು, ಅವರ ಪರಂಪರೆಗೆ ಸೇರಿದ ಗೂಳೂರು ಸಿದ್ಧವೀರಣ್ಣೊಡೆಯರು, 1513ರಲ್ಲಿ 'ಭಾವಚಿಂತಾರತ್ನ'ವನ್ನು ರಚಿಸಿದ ಗುಬ್ಬಿಯ ಮಲ್ಲಣಾರ್ಯ, ಇವರೆಲ್ಲರೂ ಈ ಸುತ್ತಿನವರೇ. ಅವರ ಕಾಲದ ಬರವಣಿಗೆಯ ಸಾಧನ ತಾಳೆಯೋಲೆ ಮತ್ತು ಕಬ್ಬಿಣದ ಕಂಠ. ಎಳೆಯ ಗರಿಯನ್ನು ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ಕಂಠದಿಂದ ಅಕ್ಷರ ಕೊರೆದು, ಮಸಿ ತೀಡಿ ಒರೆಸಿದರೆ ಕೊರೆದ ಗೀರುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತಿತ್ತು. ಅದು ಶ್ರಮದ ಕೆಲಸ. ಒಮ್ಮೆ ಕೊರೆದುದನ್ನು ಅಳಿಸಲು ಬಾರದು. ಆದ್ದರಿಂದಲೇ ಉಳಿಯಬೇಕಾದ ಗ್ರಂಥಗಳನ್ನು ಓಲೆಯ ಮೇಲೆ ಬರೆಯುತ್ತಿದ್ದರು.

ದಿನನಿತ್ಯದ ಲೆಕ್ಕಪತ್ರಕ್ಕೆ ಬೇರೊಂದು ಸಾಧನವಿತ್ತು. ಅದರ ಹೆಸರು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟರೆ ಕಡತ ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ವರ್ತಕರು, ಗ್ರಾಮದ ಲೆಕ್ಕ ಬರೆಯುವವರು ಇದನ್ನು ಕಂಕುಳಲ್ಲಿ ಇರಿಸಿಕೊಂಡು ಓಡಾಡುತ್ತಿದ್ದರು. ಇಂದಿಗೂ ಸರ್ಕಾರಿ ಕಚೇರಿಯ ದಾಖಲೆಯ ಕಟ್ಟಿಗೆ 'ಕಡತ'ವೆಂದೇ ಹೆಸರು. ವಸ್ತು ಮರೆಯಾದರೂ ಹೆಸರು ಉಳಿದುಕೊಂಡಿದೆ.

ಓಲೆ ದೊಡ್ಡದು, ಕಡತ ಸಣ್ಣದು ಎಂಬ ತಾರತಮ್ಯ ನಮ್ಮ ಪೂರ್ವಿಕರಲ್ಲಿ ಇದ್ದಂತೆ ಕಾಣುವುದಿಲ್ಲ. ಕೆಲಸ ಯಾವುದೋ ಸಾಧನ ಅದು. ಟ್ಯಾಬ್ಲೆಟ್ ಮತ್ತು ಲ್ಯಾಪ್‌ಟಾಪ್‌ಗಳ ವಿಚಾರದಲ್ಲಿಯೂ ಈ ವಿವೇಕವೇ ನಮಗೆ ಮಾರ್ಗದರ್ಶಿ.

ಬೆಂಗಳೂರಿನಲ್ಲಿ ಹುಟ್ಟಿದ ಅಂಗೈ ಗಣಕ

ಟ್ಯಾಬ್ಲೆಟ್ ಎಂದೊಡನೆ ಅದು ಪರದೇಶದವರ ಕಲ್ಪನೆ ಎಂದು ಭಾವಿಸುವವರೇ ಹೆಚ್ಚು. ಅದು ಪೂರ್ಣ ಸತ್ಯವಲ್ಲ. 1972ರಲ್ಲಿ ಅಮೆರಿಕದ ವಿಜ್ಞಾನಿ ಅಲನ್ ಕೇ ಅವರು ಮಕ್ಕಳು ಪುಸ್ತಕದಂತೆ ಹಿಡಿದು ಬಳಸಬಹುದಾದ 'ಡೈನಾಬುಕ್' ಎಂಬ ಗಣಕವನ್ನು ಕಲ್ಪಿಸಿ ಲೇಖನ ಬರೆದದ್ದು ನಿಜ. ಆದರೆ ಬಡವರ ಕೈಗೆ, ಹಳ್ಳಿಗರ ಭಾಷೆಯಲ್ಲಿ ಮಾತನಾಡುವ ಅಂಗೈ ಗಣಕವೊಂದನ್ನು ತಯಾರಿಸಬೇಕೆಂಬ ಯತ್ನ ನಡೆದದ್ದು ಕುಣಿಗಲ್ಲಿಗೆ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ.

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೊಡನೆ ಸೇರಿ 1999ರಲ್ಲಿ ಒಂದು ಟ್ರಸ್ಟ್ ರಚಿಸಿಕೊಂಡರು. 2001ರಲ್ಲಿ ಅವರು ಲೋಕದ ಮುಂದಿಟ್ಟ ಯಂತ್ರವೇ 'ಸಿಂಪ್ಯೂಟರ್'. ಸರಳವಾಗಿರಬೇಕು, ಅಗ್ಗವಾಗಿರಬೇಕು, ಹಲವು ಭಾಷೆಗಳನ್ನು ಬಲ್ಲದ್ದಾಗಿರಬೇಕು ಎಂಬ ಮೂರು ಉದ್ದೇಶಗಳು ಆ ಹೆಸರಿನಲ್ಲಿಯೇ ಅಡಗಿದ್ದವು. ಅದಕ್ಕೆ ಕೀಲಿಮಣೆ ಇರಲಿಲ್ಲ. ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಿ ಕೆಲಸ ಮಾಡಬೇಕಿತ್ತು. ಅಕ್ಷರ ಬಾರದವರಿಗಾಗಿ ಭಾರತೀಯ ಭಾಷೆಯ ಪಠ್ಯವನ್ನು ಧ್ವನಿಯಾಗಿ ಓದಿ ಹೇಳುವ ವ್ಯವಸ್ಥೆಯನ್ನೂ ಅವರು ರೂಪಿಸಿದ್ದರು. ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಂಡು ಬಳಸಲೆಂದು, ಪ್ರತಿಯೊಬ್ಬರ ಮಾಹಿತಿಯನ್ನೂ ಬೇರೆ ಬೇರೆಯಾಗಿ ಇರಿಸಿಕೊಳ್ಳುವ ಸ್ಮಾರ್ಟ್ ಕಾರ್ಡಿಗೆ ಅದರಲ್ಲಿ ಜಾಗವಿತ್ತು. 2004ರ ಏಪ್ರಿಲ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ 'ಅಮಿಡಾ' ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂತು. ಭೂದಾಖಲೆಯ ಕೆಲಸದಲ್ಲಿ ನಮ್ಮ ರಾಜ್ಯ ಸರ್ಕಾರವೂ ಸಿಂಪ್ಯೂಟರನ್ನು ಪ್ರಯೋಗಿಸಿ ನೋಡಿತು.

ಆದರೂ ಸಿಂಪ್ಯೂಟರ್ ಜನಸಾಮಾನ್ಯರ ಮನೆಯನ್ನು ಸೇರಲಿಲ್ಲ. ಅದರ ಕನಿಷ್ಠ ಬೆಲೆ ಹತ್ತು ಸಾವಿರ ರೂಪಾಯಿಗಳಿಗೆ ಸಮೀಪವಿತ್ತು. ಆ ಕಾಲಕ್ಕೆ ಅದು ಹಳ್ಳಿಯ ಕುಟುಂಬಕ್ಕೆ ಎಟುಕುವ ಮೊತ್ತವಲ್ಲ. ಊರೂರಿಗೆ ಅಂತರಜಾಲ ಬಂದಿರಲಿಲ್ಲ. ಅದಕ್ಕೆಂದೇ ಬರೆದ ತಂತ್ರಾಂಶಗಳು ವಿರಳವಾಗಿದ್ದವು. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನುಗಳು ಎಲ್ಲರ ಜೇಬು ಸೇರಿದವು. ಯಂತ್ರ ಎಷ್ಟೇ ಉತ್ತಮವಾಗಿರಲಿ, ಅದರ ಸುತ್ತ ಮಾಡಲು ಕೆಲಸ, ಬಳಸಲು ಸಂಪರ್ಕ, ಕೆಟ್ಟರೆ ರಿಪೇರಿ ಇವು ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಇಂದು ಟ್ಯಾಬ್ಲೆಟ್ ಕೊಳ್ಳಹೊರಟವರೂ ನೆನಪಿಡಬೇಕಾದ ಪಾಠವಿದು.

ಸರ್ಕಾರ ಕೊಟ್ಟದ್ದು ಮೊದಲು ಲ್ಯಾಪ್‌ಟಾಪ್, ಆಮೇಲೆ ಟ್ಯಾಬ್ಲೆಟ್

27 ಜನವರಿ 2010ರಂದು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರು ಐಪ್ಯಾಡ್ ಅನ್ನು ಪ್ರಕಟಿಸಿದ ಮೇಲೆ ಟ್ಯಾಬ್ಲೆಟ್ ಎಂಬ ಪದಾರ್ಥ ಲೋಕಕ್ಕೆಲ್ಲ ಪರಿಚಿತವಾಯಿತು. 5 ಅಕ್ಟೋಬರ್ 2011ರಂದು ದೆಹಲಿಯಲ್ಲಿ ಕೇಂದ್ರ ಸರ್ಕಾರ 'ಆಕಾಶ್' ಎಂಬ ಅಗ್ಗದ ಟ್ಯಾಬ್ಲೆಟ್ ಬಿಡುಗಡೆ ಮಾಡಿ, ದೇಶದ ವಿದ್ಯಾರ್ಥಿಗಳಿಗೆಲ್ಲ ಅದನ್ನು ಮುಟ್ಟಿಸುವ ಆಸೆ ಹುಟ್ಟಿಸಿತು. ಆದರೆ ಮೊದಲ ಆಕಾಶ್ ನಿಧಾನ ಗತಿಯದು, ಅದರ ಬ್ಯಾಟರಿ ಹೆಚ್ಚು ಹೊತ್ತು ಬಾರದು ಎಂಬ ದೂರುಗಳು ಬಂದು ಆ ಉತ್ಸಾಹ ಇಳಿಯಿತು. ಕೇವಲ ಅಗ್ಗವಾದುದು ಉಪಯುಕ್ತವಾಗಲಾರದು ಎಂಬುದಕ್ಕೆ ಅದು ನಿದರ್ಶನ.

ನಮ್ಮ ರಾಜ್ಯದ ಅನುಭವ ಇನ್ನೂ ಸ್ವಾರಸ್ಯವಾದುದು. 2020ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಒಂದು ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ಕೊಡುವ ಯೋಜನೆ ನಡೆಯಿತು. ಮರುವರ್ಷ ಕೊರೋನಾ ಪಿಡುಗಿನಿಂದ ಕಾಲೇಜುಗಳು ಮುಚ್ಚಿ ಪಾಠಗಳೆಲ್ಲ ಆನ್‌ಲೈನ್ ಆದಾಗ, 2021ರ ಜೂನ್‌ನಲ್ಲಿ, ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಓದುವ ಒಂದೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯಕ್ರಮವನ್ನು ಸರ್ಕಾರ ಆರಂಭಿಸಿತು. ಎರಡು ವರ್ಷಗಳಲ್ಲಿ ಎರಡು ಬಗೆಯ ಸಾಧನ! ಬೊಕ್ಕಸದ ಲೆಕ್ಕದಲ್ಲಿ ಟ್ಯಾಬ್ಲೆಟ್ ಅಗ್ಗ, ಹೆಚ್ಚು ಮಂದಿಗೆ ಮುಟ್ಟುತ್ತದೆ. ಮನೆಯಲ್ಲಿ ಕುಳಿತು ಪಾಠ ಕೇಳುವುದೇ ಮುಖ್ಯವಾಗಿದ್ದ ಆ ಕಾಲಕ್ಕೆ ಅದು ಸಾಕಾಗಿಯೂ ಇತ್ತು. ಕೇಳುವ ಕಾಲ ಮುಗಿದು ಬರೆಯುವ, ಲೆಕ್ಕ ಹಾಕುವ, ವರದಿ ಸಿದ್ಧಪಡಿಸುವ ಕಾಲ ಬಂದಾಗ ಅದೇ ಸಾಧನ ಸಾಕೇ ಎಂಬುದು ಬೇರೆಯ ಪ್ರಶ್ನೆ.

ಯಾವ ಕೆಲಸಕ್ಕೆ ಸಾಕು

ಟ್ಯಾಬ್ಲೆಟ್ ಎಂಬುದು ಮೂಲತಃ ದೊಡ್ಡ ಪರದೆಯ ಫೋನು. ಅದರ ಗುಣಗಳೂ ಮಿತಿಗಳೂ ಹುಟ್ಟಿದ್ದು ಅಲ್ಲಿಂದಲೇ. ಅದರ ತೂಕ ಸುಮಾರು ಅರ್ಧ ಕಿಲೋ, ಸಾಧಾರಣ ಲ್ಯಾಪ್‌ಟಾಪಿನದು ಒಂದೂವರೆಯಿಂದ ಎರಡು ಕಿಲೋ. ಮುಟ್ಟಿದೊಡನೆ ಎಚ್ಚರಗೊಳ್ಳುತ್ತದೆ. ವಿದ್ಯುತ್ ಹೋದರೂ ಒಂದು ಹಗಲು ನಡೆಯುತ್ತದೆ. ಸಿಮ್ ಹಾಕುವ ಮಾದರಿಯಾದರೆ ತೋಟದಲ್ಲಿದ್ದರೂ ಅಂತರಜಾಲ ಸಿಗುತ್ತದೆ. ವಿದ್ಯುತ್ ಬಂದು ಹೋಗುವ ಹಳ್ಳಿಗಳಲ್ಲಿ ಇವು ಸಣ್ಣ ಅನುಕೂಲಗಳಲ್ಲ.

ಓದುವವರಿಗೆ ಅದು ವರವೆಂದೇ ಹೇಳಬೇಕು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳನ್ನು ಯಾರೂ ಪ್ರಯಾಣದಲ್ಲಿ ಹೊತ್ತು ಸಾಗಲಾರರು. ಅಷ್ಟೇ ಗಾತ್ರದ ಸಾಹಿತ್ಯವನ್ನು ಟ್ಯಾಬ್ಲೆಟ್ಟಿನಲ್ಲಿ ತುಂಬಿದರೂ ಅದರ ತೂಕ ಒಂದು ಗುಂಜಿಯಷ್ಟೂ ಹೆಚ್ಚುವುದಿಲ್ಲ. ಕಣ್ಣಿನ ಶಕ್ತಿ ಕುಂದಿದ ಹಿರಿಯರು ಎರಡು ಬೆರಳಿನಿಂದ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಓದಬಹುದು. ಮುದ್ರಿತ ಪುಸ್ತಕದಲ್ಲಿ ಈ ಸೌಕರ್ಯವಿಲ್ಲ. ದೂರದೇಶದಲ್ಲಿರುವ ಮಕ್ಕಳು ಮೊಮ್ಮಕ್ಕಳ ಮುಖ ನೋಡಿ ಮಾತನಾಡುವುದು, ವಿದ್ಯುತ್ ಬಿಲ್ಲು ಕಟ್ಟುವುದು, ಪಹಣಿ ನೋಡುವುದು, ಹವಾಮಾನ ತಿಳಿಯುವುದು, ನಾಲ್ಕು ಸಾಲಿನ ಪತ್ರ ಕಳಿಸುವುದು, ಇವುಗಳಿಗೆಲ್ಲ ಟ್ಯಾಬ್ಲೆಟ್ ಧಾರಾಳವಾಗಿ ಸಾಕು.

ಕೆಲಸದ ರೂಪ ಮೊದಲೇ ನಿಶ್ಚಿತವಾಗಿದ್ದರೆ ಅಂಗೈ ಯಂತ್ರವೇ ಮೇಲು. ಬಸ್ ಕಂಡಕ್ಟರ ಕೈಯ ಟಿಕೆಟ್ ಯಂತ್ರವನ್ನು ನೋಡಿ, ವಿದ್ಯುತ್ ಮೀಟರ್ ಓದಿ ಬಾಗಿಲಲ್ಲೇ ಬಿಲ್ಲು ಹರಿದುಕೊಡುವವರ ಯಂತ್ರವನ್ನು ನೋಡಿ. ಅವರಿಗೆ ಲ್ಯಾಪ್‌ಟಾಪ್ ಕೊಟ್ಟರೆ ತೊಂದರೆಯೇ ಹೆಚ್ಚು. 22 ಸೆಪ್ಟೆಂಬರ್ 2025ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಮನೆಮನೆಗೆ ಹೋಗಿ 60 ಪ್ರಶ್ನೆಗಳ ಉತ್ತರವನ್ನು ಮೊಬೈಲ್ ಆ್ಯಪಿನಲ್ಲಿ ದಾಖಲಿಸಿದರು. ನಿಂತಲ್ಲೇ ನಿಂತು ಆಯ್ಕೆ ಗುರುತಿಸುತ್ತ ಹೋಗುವ ಅಂಥ ಕೆಲಸಕ್ಕೆ ಅಂಗೈ ಸಾಧನವೇ ತಕ್ಕದ್ದು. ಆರಂಭದ ದಿನಗಳಲ್ಲಿ ಅಲ್ಲಿ ಕಾಡಿದ್ದು ಸಂಪರ್ಕ ಮತ್ತು ತಂತ್ರಾಂಶದ ತೊಡಕುಗಳೇ ಹೊರತು ಯಂತ್ರದ ಗಾತ್ರವಲ್ಲ.

ಎಲ್ಲಿ ಸಾಲದು

ಕೆಲಸ ದೀರ್ಘವಾದಂತೆ, ಅದರ ರೂಪವನ್ನು ನಾವೇ ಕಟ್ಟಬೇಕಾದಂತೆ, ಟ್ಯಾಬ್ಲೆಟ್ ಸೋಲುತ್ತ ಹೋಗುತ್ತದೆ. ಇದಕ್ಕೆ ಕಾರಣ ಯಂತ್ರದೊಳಗಿನ ಮಿದುಳು ದುರ್ಬಲವಾಗಿರುವುದಲ್ಲ. 2020ರ ಕೊನೆಯಲ್ಲಿ ಆಪಲ್ ಸಂಸ್ಥೆ ತನ್ನ ಲ್ಯಾಪ್‌ಟಾಪ್‌ಗಳಿಗೆ ಹಾಕಿದ 'ಎಂ1' ಎಂಬ ಚಿಪ್ಪನ್ನೇ 2021ರಲ್ಲಿ ಟ್ಯಾಬ್ಲೆಟ್‌ಗೂ ಹಾಕಿತು. ಮಿದುಳು ಒಂದೇ ಆದರೂ ಎರಡೂ ಒಂದೇ ಯಂತ್ರವಾಗಲಿಲ್ಲ. ಭೇದವಿರುವುದು ಎರಡು ಕಡೆ: ಒಂದು, ನಾವು ಯಂತ್ರಕ್ಕೆ ವಿಷಯವನ್ನು ಉಣಿಸುವ ಬಗೆ, ಇನ್ನೊಂದು, ಅದನ್ನು ನಡೆಸುವ ತಂತ್ರಾಂಶ ನಮಗೆ ಕೊಡುವ ಸ್ವಾತಂತ್ರ್ಯ. ಗಾಜಿನ ಮೇಲೆ ಬೆರಳು ಕುಟ್ಟುವಾಗ ಕೀಲಿ ಎಲ್ಲಿದೆಯೆಂದು ಬೆರಳಿಗೆ ತಿಳಿಯದು, ಕಣ್ಣು ಸದಾ ಅತ್ತಲೇ ಇರಬೇಕು. ಹತ್ತು ಸಾಲು ಬರೆಯುವವನಿಗೆ ಅದು ತೊಂದರೆಯಲ್ಲ, ಹತ್ತು ಪುಟ ಬರೆಯುವವನಿಗೆ ಅದು ಶಿಕ್ಷೆ. ಒಂದು ಪತ್ರವನ್ನು ನೋಡುತ್ತ ಇನ್ನೊಂದರಲ್ಲಿ ಲೆಕ್ಕ ತುಂಬುವುದು, ಮೂರು ಕಡತಗಳಿಂದ ಆರಿಸಿ ನಾಲ್ಕನೆಯದನ್ನು ರಚಿಸುವುದು ಮೊದಲಾದವು ಲ್ಯಾಪ್‌ಟಾಪಿನಲ್ಲಿ ಎಷ್ಟು ಸಹಜವೋ ಟ್ಯಾಬ್ಲೆಟ್ಟಿನಲ್ಲಿ ಅಷ್ಟು ಪ್ರಯಾಸಕರ.

ಇದು ಬರಿಯ ತರ್ಕವಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದರು. 2025ರ ಫೆಬ್ರವರಿಯಲ್ಲಿ ಮತ್ತೆ ಮುಷ್ಕರಕ್ಕಿಳಿದರು. ಬೆಳೆ, ಆಧಾರ್ ಜೋಡಣೆ, ಅರ್ಜಿ ವಿಲೇವಾರಿ ಮೊದಲಾಗಿ ಹತ್ತಾರು ಆ್ಯಪ್‌ಗಳ ಕೆಲಸವನ್ನು ತಮ್ಮ ಮೇಲೆ ಹೇರಲಾಗಿದೆ, ಅದಕ್ಕೆ ತಕ್ಕ ಲ್ಯಾಪ್‌ಟಾಪ್ ಮೊದಲಾದ ಸಲಕರಣೆಯನ್ನಾಗಲಿ ಕಚೇರಿಯ ಸೌಕರ್ಯವನ್ನಾಗಲಿ ಕೊಟ್ಟಿಲ್ಲ ಎಂಬುದು ಅವರ ಅಹವಾಲುಗಳಲ್ಲಿ ಒಂದು. ಹೊಲದ ಬದುವಿನಲ್ಲಿ ನಿಂತು ಚಿತ್ರ ತೆಗೆಯಲು ಅಂಗೈ ಯಂತ್ರ ಸಾಕು, ಊರಿನ ದಾಖಲೆಯನ್ನೆಲ್ಲ ತಿದ್ದಿ ತೀಡಲು ಸಾಲದು ಎಂಬ ಸತ್ಯವನ್ನು ದುಡಿಯುವವರೇ ಹೇಳಿದಂತಾಯಿತು.

ಮನೆಯ ಮಟ್ಟದಲ್ಲಿಯೂ ಇಂಥ ತೊಡಕುಗಳಿವೆ. ವರ್ತಕರು ಬಳಸುವ ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ವಿಂಡೋಸ್ ಗಣಕಕ್ಕಾಗಿ ರಚಿತವಾದದ್ದು. ಗುತ್ತಿಗೆದಾರರು, ಲೆಕ್ಕಪರಿಶೋಧಕರು ಡಿಜಿಟಲ್ ಸಹಿ ಹಾಕಲು ಬಳಸುವ ಚಿಕ್ಕ ಯು.ಎಸ್.ಬಿ. ಟೋಕನ್ ಸಾಮಾನ್ಯವಾಗಿ ಗಣಕದಲ್ಲಿಯೇ ಕೆಲಸ ಮಾಡುತ್ತದೆ. ಸಂಘಸಂಸ್ಥೆಗಳ ಕಾರ್ಯದರ್ಶಿಗಳು ನಡಾವಳಿ, ಸದಸ್ಯರ ಪಟ್ಟಿ, ಜಮಾಖರ್ಚುಗಳನ್ನು ವರ್ಷಾನುಗಟ್ಟಲೆ ಕಾಪಾಡಬೇಕಾದವರು. ಅವರು ಟ್ಯಾಬ್ಲೆಟ್ ಒಂದನ್ನೇ ನೆಚ್ಚಬಾರದು.

ಕನ್ನಡದ ಬರವಣಿಗೆ

ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸದಿಂದಾಗಿ ಇಂಗ್ಲಿಷಿನ 26 ಕೀಲಿಗಳಲ್ಲಿಯೇ ನಮ್ಮ ವರ್ಣಮಾಲೆಯೆಲ್ಲ ಅಡಕವಾಯಿತು. ವ್ಯಂಜನದ ಮುಂದೆ ಸ್ವರವನ್ನು ಒತ್ತಿದರೆ ಗುಣಿತಾಕ್ಷರ ತಾನಾಗಿ ಮೂಡುತ್ತದೆ. ಇದೇ ವಿನ್ಯಾಸ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿ, ಶಾಲೆ, ಮುದ್ರಣಾಲಯಗಳನ್ನು ವ್ಯಾಪಿಸಿತು. ಬೆರಳು ಪಳಗಿದವರು ಇದರಲ್ಲಿ ಮಾತಿನ ವೇಗಕ್ಕೆ ಸಮೀಪವಾಗಿ ಬರೆಯಬಲ್ಲರು. ಆದರೆ ಈ ಅಭ್ಯಾಸಕ್ಕೆ ನಿಜವಾದ ಕೀಲಿಮಣೆ ಬೇಕು.

ಎರಡನೆಯದು ಹಳೆಯ ದಾಖಲೆಗಳ ಸಮಸ್ಯೆ. ಯುನಿಕೋಡ್ ಎಂಬ ಜಾಗತಿಕ ಸಂಕೇತವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೂ ಬಹಳ ಕಾಲ ನಮ್ಮವರು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿಯೇ ಬರೆದರು. ಅಂಥ ಲೇಖನವನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಪರಕೀಯ ಚಿಹ್ನೆಗಳು ಕಾಣುತ್ತವೆ. ಕಡತ ಕೆಟ್ಟುಹೋಯಿತೆಂದು ಗಾಬರಿಯಾಗಿ ಅಳಿಸಿಬಿಡಬಾರದು. ಗಣಕದಲ್ಲಿ ಯುನಿಕೋಡಿಗೆ ಪರಿವರ್ತಿಸಿಕೊಂಡರೆ ಎಲ್ಲವೂ ಮರಳಿ ದೊರೆಯುತ್ತದೆ. ಮನೆಯ ವಂಶಾವಳಿ, ಹಿರಿಯರ ಸ್ಮರಣ ಸಂಚಿಕೆ, ಸಂಘದ ವಾರ್ಷಿಕ ವರದಿಗಳು ಹಳೆಯ ಅಕ್ಷರಶೈಲಿಯಲ್ಲಿ ಉಳಿದಿದ್ದರೆ, ಲ್ಯಾಪ್‌ಟಾಪನ್ನು ಬಿಟ್ಟುಕೊಡುವ ಮೊದಲೇ ಈ ಪರಿವರ್ತನೆ ಮಾಡಿಸಿಕೊಳ್ಳಬೇಕು.

ಇನ್ನು ಟ್ಯಾಬ್ಲೆಟ್ಟಿನ ಪರವಾಗಿಯೂ ಹೇಳತಕ್ಕ ಮಾತಿದೆ. 2017ರಲ್ಲಿ ಗೂಗಲ್ ಸಂಸ್ಥೆ ಕನ್ನಡದ ಮಾತನ್ನು ಕೇಳಿ ಅಕ್ಷರವಾಗಿಸುವ ಸೌಲಭ್ಯವನ್ನು ಒದಗಿಸಿತು. ಕೀಲಿಮಣೆಯನ್ನೇ ಮುಟ್ಟದ ಅಜ್ಜಿಯರು ಬಾಯಿಂದ ಹೇಳಿ ಪತ್ರ ಬರೆಸಬಹುದಾದ ಕಾಲವಿದು. ಆದರೆ ಸಂಧಿ, ಸಮಾಸ, ಒತ್ತಕ್ಷರ, ಅಂಕಿತನಾಮಗಳಲ್ಲಿ ಯಂತ್ರ ತಪ್ಪುವುದುಂಟು. ಹೇಳಿ ಬರೆಸಿದ ಮೇಲೆ ಒಮ್ಮೆ ಓದಿ ತಿದ್ದುವುದು ಕರ್ತವ್ಯ.

ಖರ್ಚು, ಆಯುಷ್ಯ, ಆರೋಗ್ಯ

ಬೆಲೆಯ ಲೆಕ್ಕವನ್ನು ಪೂರ್ತಿಯಾಗಿ ಮಾಡಬೇಕು. ಟ್ಯಾಬ್ಲೆಟ್ಟಿನ ಬೆಲೆಗೆ ಬೇರೆಯಾಗಿ ಕೊಳ್ಳಬೇಕಾದ ಕೀಲಿಮಣೆ, ಬರೆಯುವ ಕಡ್ಡಿ, ರಕ್ಷಾಕವಚ, ತಿಂಗಳ ಡೇಟಾ ಖರ್ಚುಗಳನ್ನು ಸೇರಿಸಿದರೆ, ಕೆಲವೊಮ್ಮೆ ಅದು ಸಾಧಾರಣ ಲ್ಯಾಪ್‌ಟಾಪಿನ ಬೆಲೆಯನ್ನೇ ಮುಟ್ಟುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ, ಕೀಲಿಮಣೆ, ಸಂಗ್ರಹದ ಡಿಸ್ಕುಗಳನ್ನು ಬಹುತೇಕ ಮಾದರಿಗಳಲ್ಲಿ ಬದಲಿಸಬಹುದು. ಟ್ಯಾಬ್ಲೆಟ್ ಅಂಟಿನಿಂದ ಮುಚ್ಚಿದ ಪೆಟ್ಟಿಗೆ. ಗಾಜು ಒಡೆದರೆ ಅಥವಾ ಬ್ಯಾಟರಿ ಸೊರಗಿದರೆ ರಿಪೇರಿಯ ವೆಚ್ಚ ಹೊಸದರ ಬೆಲೆಯನ್ನು ಸಮೀಪಿಸುವುದುಂಟು. ತಯಾರಕರು ಎಷ್ಟು ವರ್ಷ ಸುರಕ್ಷತಾ ಪರಿಷ್ಕರಣೆ ಕೊಡುತ್ತಾರೆ, ರಿಪೇರಿ ಕುಣಿಗಲ್ಲಿನಲ್ಲಿ ಇಲ್ಲವೇ ತುಮಕೂರಿನಲ್ಲಿ ಆಗುವುದೋ ಬೆಂಗಳೂರಿಗೇ ಒಯ್ಯಬೇಕೋ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಎರಡನೆಯ ಕೈಯ ಉತ್ತಮ ಲ್ಯಾಪ್‌ಟಾಪ್ ಟ್ಯಾಬ್ಲೆಟ್ಟಿನ ಬೆಲೆಗೇ ದೊರೆಯುವುದೂ ಉಂಟು. ತಿಳಿದವರಿಂದ ಪರೀಕ್ಷಿಸಿ ಕೊಂಡರೆ ಅದು ಬಡ ವಿದ್ಯಾರ್ಥಿಗೆ ಒಳ್ಳೆಯ ದಾರಿ.

ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಬಗ್ಗಿ ನೋಡುವುದರಿಂದ ಕತ್ತು, ಹೆಗಲುಗಳಲ್ಲಿ ನೋವು ಬರುತ್ತದೆ. ನಮ್ಮ ಮನೆಗಳಲ್ಲಿ ಮೂಲೆ ಸೇರಿರುವ ವ್ಯಾಸಪೀಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಓದುವ ವಸ್ತುವನ್ನು ಓರೆಯಾಗಿ ಎತ್ತರಿಸಿ ಇಡುವ ಆ ವಿವೇಕ ಟ್ಯಾಬ್ಲೆಟ್ಟಿಗೂ ಸಲ್ಲುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ದೃಷ್ಟಿಯನ್ನು ತುಸು ದೂರದ ವಸ್ತುವಿನ ಮೇಲೆ ನಿಲ್ಲಿಸಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು.

ನೋಡುವ ಸಾಧನ, ಮಾಡುವ ಸಾಧನ

ಈ ಚರ್ಚೆಯ ತಿರುಳು ಇಲ್ಲಿದೆ. ಟ್ಯಾಬ್ಲೆಟ್ ಪ್ರಧಾನವಾಗಿ ನೋಡುವ, ಕೇಳುವ, ಓದುವ ಸಾಧನ. ಲ್ಯಾಪ್‌ಟಾಪ್ ಪ್ರಧಾನವಾಗಿ ಮಾಡುವ ಸಾಧನ. ಡೈನಾಬುಕ್ಕನ್ನು ಕಲ್ಪಿಸಿದ ಅಲನ್ ಕೇ ಅವರು ಆ ಪುಸ್ತಕದಂಥ ಗಣಕದಲ್ಲಿ ಕೀಲಿಮಣೆಗೂ ಸ್ಥಾನ ಕೊಟ್ಟಿದ್ದರು. ಮಕ್ಕಳು ಅದರಲ್ಲಿ ನೋಡುವುದಷ್ಟೇ ಅಲ್ಲ, ತಾವೇ ರಚಿಸಬೇಕು ಎಂಬುದು ಅವರ ಆಶಯವಾಗಿತ್ತು. ಕಾಯಕವನ್ನು ಬಾಳಿನ ನಡುವಿಗೆ ತಂದ ಪರಂಪರೆಯವರಾದ ನಮಗೆ ಈ ಭೇದ ಬೇಗನೆ ಅರ್ಥವಾಗಬೇಕು. ದುಡಿದು ಬಂದು ಓದುವವರಿಗೆ ಟ್ಯಾಬ್ಲೆಟ್ ಒಳ್ಳೆಯ ಸಂಗಾತಿ. ಅದರಿಂದಲೇ ದುಡಿಯಬೇಕಾದವರಿಗೆ, ದುಡಿಮೆ ಕಲಿಯಬೇಕಾದವರಿಗೆ ಅದೊಂದೇ ಸಾಲದು.

ಕಾಲೇಜು ಸೇರುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ರಾಜ್ಯ ಸರ್ಕಾರಿ ನೌಕರರಿಗೆ 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ. ಬ್ಯಾಂಕುಗಳ ನೇಮಕಾತಿ ಪರೀಕ್ಷೆಗಳು ಗಣಕದ ಮುಂದೆ ಕುಳಿತೇ ಬರೆಯತಕ್ಕವು. ಕಚೇರಿ ಯಾವುದೇ ಆಗಲಿ, ಮೊದಲ ದಿನವೇ ಕೈಗೆ ಬರುವುದು ಕೀಲಿಮಣೆ. ಮೂರು ವರ್ಷ ಗಾಜಿನ ಮೇಲೆ ಬೆರಳಾಡಿಸಿ ಬಂದ ತರುಣ ತರುಣಿಯರು ಅಲ್ಲಿ ತಡವರಿಸುತ್ತಾರೆ. ಬುದ್ಧಿಯಲ್ಲಿ ಕೊರತೆಯಿಲ್ಲ, ಅಭ್ಯಾಸದಲ್ಲಿ ಕೊರತೆ. ಆ ಕೊರತೆ ಒಂದು ಉದ್ಯೋಗವನ್ನೇ ತಪ್ಪಿಸಬಹುದು.

ಇಲ್ಲಿ ಒಂದು ಕಹಿ ಮಾತನ್ನು ಹೇಳದೆ ಗತ್ಯಂತರವಿಲ್ಲ. ಅನೇಕ ಮನೆಗಳಲ್ಲಿ ಗಂಡುಮಗನಿಗೆ ಲ್ಯಾಪ್‌ಟಾಪ್, ಹೆಣ್ಣುಮಗಳಿಗೆ ಟ್ಯಾಬು ಎಂಬ ಹಂಚಿಕೆ ಸದ್ದಿಲ್ಲದೆ ನಡೆಯುತ್ತಿದೆ. "ಅವಳಿಗೆ ಪಾಠ ನೋಡಲು ಅಷ್ಟು ಸಾಕು" ಎನ್ನುತ್ತಾರೆ. ವಾಣಿಜ್ಯ ಓದುವ ಮಗಳಿಗೆ ಲೆಕ್ಕದ ತಂತ್ರಾಂಶ ಬೇಕು, ವಿಜ್ಞಾನ ಓದುವ ಮಗಳಿಗೆ ಪ್ರೋಗ್ರಾಮಿಂಗ್ ಬೇಕು, ಪದವಿಯ ಕೊನೆಗೆ ಇಬ್ಬರಿಗೂ ಐವತ್ತು ಪುಟದ ವರದಿ ಬರೆಯಬೇಕು. ಅದೇ ಮನೆಯಲ್ಲಿ ಲ್ಯಾಪ್‌ಟಾಪ್ ಪಡೆದ ಮಗ ಅದರಲ್ಲಿ ಚಲನಚಿತ್ರವನ್ನಷ್ಟೇ ನೋಡುತ್ತಿರಬಹುದು! ಸಾಧನವನ್ನು ಮಾಡುವ ಕೆಲಸಕ್ಕೆ ತಕ್ಕಂತೆ ಹಂಚಬೇಕು, ಗಂಡು ಹೆಣ್ಣೆಂಬ ಭೇದದಿಂದಲ್ಲ. ಸ್ತ್ರೀಪುರುಷರಿಗೆ ಸಮಾನ ಸ್ಥಾನ ಕೊಟ್ಟ ಶರಣರ ಹೆಸರು ಹೇಳುವ ಮನೆಗಳಲ್ಲಿ ಇಷ್ಟೂ ಆಗದಿದ್ದರೆ ಹೆಸರು ಹೇಳಿ ಫಲವೇನು?

ನಿರ್ಣಯದ ಕ್ರಮ

ಹಾಗಾದರೆ ಗೃಹಸ್ಥರು ಹೇಗೆ ನಿರ್ಧರಿಸಬೇಕು? ಅಂಗಡಿಗೆ ಹೋಗುವ ಮೊದಲು ಒಂದು ವಾರ, ಮನೆಯಲ್ಲಿ ಯಾರು ಯಾವ ಕೆಲಸ ಮಾಡಿದರು ಎಂಬುದನ್ನು ಹಾಳೆಯ ಮೇಲೆ ಬರೆಯಿರಿ. ಓದಿದ್ದು, ನೋಡಿದ್ದು, ಮಾತನಾಡಿದ್ದು, ಹಣ ಕಟ್ಟಿದ್ದು ಒಂದು ಕಡೆಗಿರಲಿ. ಬರೆದದ್ದು, ಲೆಕ್ಕ ಮಾಡಿದ್ದು, ತಿದ್ದಿದ್ದು, ರಚಿಸಿದ್ದು ಇನ್ನೊಂದು ಕಡೆಗಿರಲಿ. ಮೊದಲನೆಯ ಪಟ್ಟಿಯೇ ಬೆಳೆದಿದ್ದರೆ ಟ್ಯಾಬ್ಲೆಟ್ ಸಾಕು, ಹೆಚ್ಚಿನ ಹಣ ತೆರಬೇಕಾಗಿಲ್ಲ. ನಿವೃತ್ತರಿಗೆ, ಹಿರಿಯ ತಾಯಂದಿರಿಗೆ, ಪ್ರಯಾಣ ಹೆಚ್ಚು ಮಾಡುವವರಿಗೆ ಇದೇ ಉಚಿತ. ಎರಡನೆಯ ಪಟ್ಟಿ ಬೆಳೆದಿದ್ದರೆ ಲ್ಯಾಪ್‌ಟಾಪೇ ಬೇಕು. ಎರಡೂ ಸಮವಾಗಿದ್ದರೆ, ಮನೆಗೊಂದು ಸಾಧಾರಣ ಲ್ಯಾಪ್‌ಟಾಪನ್ನು ಎಲ್ಲರೂ ಹಂಚಿಕೊಳ್ಳುವುದು ಮೇಲು. ಊರಿಗೊಂದು ಸಿಂಪ್ಯೂಟರನ್ನು ಹಂಚಿಕೊಳ್ಳಲಿ ಎಂದು ಆ ವಿಜ್ಞಾನಿಗಳು ಬಯಸಿದಂತೆ, ಒಂದು ಮನೆಯವರು ಒಂದು ಯಂತ್ರವನ್ನು ಹಂಚಿಕೊಳ್ಳುವುದು ಕಷ್ಟವೇನಲ್ಲ. ಎಲ್ಲರೂ ಕೂಡುವ ಪಡಸಾಲೆಯಲ್ಲಿ ಅದನ್ನಿಟ್ಟರೆ ಮಕ್ಕಳು ಏನು ನೋಡುತ್ತಾರೆಂಬ ಹಿರಿಯರ ಚಿಂತೆಯೂ ಕಡಿಮೆಯಾಗುತ್ತದೆ.

ಟ್ಯಾಬ್ಲೆಟ್ಟನ್ನೇ ಕೊಂಡ ವಿದ್ಯಾರ್ಥಿಗಳು ಅದಕ್ಕೊಂದು ಸಾಧಾರಣ ಕೀಲಿಮಣೆಯನ್ನು ಜೋಡಿಸಿಕೊಂಡು ದಿನಕ್ಕೆ ಅರ್ಧ ಗಂಟೆ ಕನ್ನಡ, ಇಂಗ್ಲಿಷ್ ಬೆರಳಚ್ಚು ಅಭ್ಯಾಸ ಮಾಡಲಿ. ಕಾಲೇಜಿನ ಗಣಕ ಕೊಠಡಿಯ ಗಂಟೆಗಳನ್ನು ವ್ಯರ್ಥ ಮಾಡದಿರಲಿ. ಸಮಾಜದ ಸಂಘಗಳು, ವಿದ್ಯಾರ್ಥಿ ನಿಲಯಗಳು ಬಳಸಿ ಬಿಟ್ಟ ಒಳ್ಳೆಯ ಲ್ಯಾಪ್‌ಟಾಪ್‌ಗಳನ್ನು ದಾನವಾಗಿ ಪಡೆದು, ದುರಸ್ತಿ ಮಾಡಿಸಿ, ಕೊಳ್ಳಲಾಗದ ಮಕ್ಕಳಿಗೆ ಕೊಟ್ಟರೆ ಅದು ಈ ಕಾಲಕ್ಕೆ ತಕ್ಕ ವಿದ್ಯಾದಾಸೋಹವಾಗುತ್ತದೆ.

ಓಲೆಯಲ್ಲಿ ಬರೆದುದು ನೂರಾರು ವರ್ಷ ಉಳಿಯಿತು. ಕಡತ ತನ್ನ ದಿನದ ಕೆಲಸ ಮುಗಿಸಿ ಮತ್ತೆ ಬರೆಯಲು ಬರಿದಾಗಿ ನಿಂತಿತು. ಎರಡೂ ನಮ್ಮವರಿಗೆ ಬೇಕಾಗಿದ್ದವು. ಕೈಯಲ್ಲಿರುವ ಯಂತ್ರ ಯಾವುದೇ ಇರಲಿ, ಅದರಿಂದ ನಮ್ಮ ಮಕ್ಕಳು ಏನನ್ನು ಮಾಡಲು ಕಲಿತರು ಎಂಬುದೇ ಕೊನೆಗೆ ಲೆಕ್ಕಕ್ಕೆ ಬರುವ ಮ‌ಾತು.